ಅವ್ವ ಲೆಕ್ಕಕ್ಕೆ ಹಿಡಿಯದ ತಿಂಗಳು

ನಾನು ಮಸ್ಕತ್ತಿಗೆ ಹೋಗಿ ಬಂದವಳೆಂದು ಗೊತ್ತಾದರೆ ಸಾಕು, ನಮ್ಮ ಕಡೆಯವರು ಎರಡು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಬಂಗಾರ ಖರೇನೇ ಸೋವಿಯೇ? ನೀರಿಗಿಂತ ಪೆಟ್ರೋಲು ಸೋವಿಯೇ? ಎರಡಕ್ಕೂ ನನ್ನ ಬಳಿ ನೆಟ್ಟಗಿನ ಉತ್ತರವಿಲ್ಲ. ನಾನು ಹೋದದ್ದು ಬಂಗಾರ ತರಲಿಕ್ಕಲ್ಲ, ಹೆರಲಿಕ್ಕೆ. ಎಂಬತ್ತರ ದಶಕದ ನಡುವಿನ ಮಾತು. ಸಮುದ್ರ ದಾಟುವುದಕ್ಕೆ ಮೂರು ತಾಸು ಸಾಕಾಯಿತು. ಆದರೆ ಖಾನಾಪುರದಿಂದ ಬೆಳಗಾವಿಯ ಕ್ಯಾಂಪಿಗೆ, ಹದಿನಾರು ಮೈಲಿಯಾಚೆಯ ಒಬ್ಬ ಡಾಕ್ಟರರ ಸಹಿಗಾಗಿ ಹೋಗಿಬಂದದ್ದೇ ಆ ಪ್ರವಾಸದ ದೊಡ್ಡ ಹಾದಿ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಖಾನಾಪುರ

ನಾನು ಖಾನಾಪುರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಪ್ಪ ತೀರಿದ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಮ್ಮನೆಯವರು ಮಸ್ಕತ್ತಿನಲ್ಲಿ ವಿದ್ಯುತ್ ಕೆಲಸದ ಮೇಸ್ತ್ರಿ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಲ್ಲ ಸೇರಿಸಿದರೆ ಆರು ತಿಂಗಳಾದೀತು.

ಇದು ನನ್ನ ಎರಡನೆಯ ಬಸಿರು. ಮೊದಲನೆಯದರಲ್ಲಿ, ಮಳೆಗಾಲ ಬರುವ ಮುಂಚೆಯೇ ಬೆಳಗಾವಿಗೆ ಬಂದು ಉಳಿಯಬೇಕೆಂದು ಕ್ಯಾಂಪಿನ ಡಾಕ್ಟರ್ ಬಾಯಿ ಹೇಳಿದ್ದರು. ಅವ್ವ ಒಪ್ಪಲಿಲ್ಲ. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು, ಅದು ನಮ್ಮ ಪದ್ಧತಿ ಎಂದಳು. ಆಷಾಢದ ಮಳೆಯಲ್ಲಿ, ನಸುಕಿನಲ್ಲಿ ಮಗು ಹುಟ್ಟಿತು. ಹೆಣ್ಣು. ಉಸಿರಾಟ ಸರಿಯಿರಲಿಲ್ಲ. ಮಲಪ್ರಭೆ ರಸ್ತೆಯ ಮೇಲೆ ಬಂದಿದ್ದರಿಂದ ಅಂದು ಬೆಳಗಾವಿಗೆ ಒಂದೂ ಬಸ್ಸು ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಹೋಗಿಬಿಟ್ಟಿತು. ನಮ್ಮನೆಯವರಿಗೆ ರಜೆ ಸಿಗಲಿಲ್ಲ. ಆಮೇಲೆ ಅವರು ಎರಡು ಸಲ ಊರಿಗೆ ಬಂದರು, ಎರಡು ಸಲವೂ ಆ ಮಗುವಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೋಡದ ಮಗುವಿನ ಬಗ್ಗೆ ಅವರು ಏನು ತಾನೇ ಕೇಳಿಯಾರು ಎಂದು ನಾನು, ಕೇಳಿದರೆ ಇವಳು ಅತ್ತಾಳು ಎಂದು ಅವರು.

ಹೀಗಾಗಿ ಎರಡನೆಯದು ನಿಂತಾಗ ನಾನು ಒಂದೇ ಹಟ ಹಿಡಿದೆ. ಈ ಸಲ ಅವರಿಲ್ಲದೆ ಹೆರುವುದಿಲ್ಲ. ಅವರೂ ಕಾಗದದಲ್ಲಿ ಅದನ್ನೇ ಬರೆದರು. ಪರವಾನಿಗಿಗಾಗಿ ಅಲ್ಲಿನ ಕಚೇರಿಗಳಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿಕೊಂಡರು. ವೀಸಾ ಕೈಗೆ ಬರುವಷ್ಟರಲ್ಲಿ ಹೊಟ್ಟೆ ಸೆರಗಿಗೆ ಅಡಗದಷ್ಟಾಗಿತ್ತು. ಜನವರಿಯಲ್ಲಿ ಹೋಗದಿದ್ದರೆ ವೀಸಾ ಸತ್ತಂತೆ.

ಟಿಕೀಟು ಮಾಡಿಕೊಟ್ಟವನು ಬಸುರಿಯರ ನಿಯಮ ಹೇಳಿದ. ಏಳು ತಿಂಗಳು ತುಂಬಿದವರನ್ನು ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ. ತುಂಬಿಲ್ಲವೆಂದು, ಹಾರಲು ಅಡ್ಡಿಯಿಲ್ಲವೆಂದು ಡಾಕ್ಟರರು ಇಂಗ್ಲಿಷಿನಲ್ಲಿ ಬರೆದ ಚೀಟಿ ಬೇಕು. ಅದೂ ಹೊರಡುವ ಏಳು ದಿನದೊಳಗೆ ಬರೆದದ್ದಿರಬೇಕು, ಹಳೆಯದು ನಡೆಯುವುದಿಲ್ಲ.

"ಬಸರ ಹೆಣಮಗಳು ಹೊಳಿ ದಾಟಬಾರದಂತ ಹಿರ್ಯಾರು ಹೇಳ್ಯಾರ. ನೀ ಸಮುದ್ರನಽ ದಾಟತೇನಂತಿ" ಎಂದಳು ಅವ್ವ. ಆದರೆ ಈ ಸಲ ಬೇಡವೆನ್ನಲಿಲ್ಲ. ಅಷ್ಟು ಹೇಳಿ ರೊಟ್ಟಿ ಬಡಿಯಲು ಕೂತಳು.

ಕ್ಯಾಂಪ್

ಡಾಕ್ಟರ್ ಬಾಯಿಯ ದವಾಖಾನೆ ಕ್ಯಾಂಪಿನ ಒಂದು ಹಳೆಯ ಬಂಗಲೆ. ಪಡಸಾಲೆಯ ಬಾಕಿನ ಮೇಲೆ ಮಿಲಿಟರಿಯವರ ಹೆಂಡಂದಿರು, ಹಳ್ಳಿಯ ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಿದ್ದರು. ಬಾಯಿ ಯಾರನ್ನೂ ಹೆಸರು ಹಿಡಿದು ಕರೆಯುವವರಲ್ಲ, ಊರು ಹಿಡಿದು ಕರೆಯುವರು. "ಕಾಕತಿ ಬರ್ರಿ" ಎಂದಾಗ ಕಾಕತಿಯ ಇಬ್ಬರು ಒಟ್ಟಿಗೇ ಎದ್ದು, ಬಾಗಿಲಲ್ಲಿ ಸಿಕ್ಕಿಬಿದ್ದು, ಒಬ್ಬರಿಗೊಬ್ಬರು ದಾರಿ ಬಿಡುವುದರಲ್ಲೇ ಹೊತ್ತು ಕಳೆದರು. ಆಮೇಲೆ ಖಾನಾಪುರದ ಪಾಳಿ ಬಂತು.

ಬಾಯಿ ನನ್ನ ಹಳೆಯ ಕಾರ್ಡು ತೆಗೆದು ಓದಿದರು. ಓದಿ, ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಹೊಸ ಕಾರ್ಡು ತೆಗೆದುಕೊಂಡರು. ಅದು ಅವರ ದೊಡ್ಡತನ.

"ಕಡೀ ಸಲ ಮುಟ್ಟಾದ ತಾರೀಖು?"

ದಿನವೂ ಹಾಜರಿ ತೆಗೆಯುವ ಶಿಕ್ಷಕಿಗೆ ತಾರೀಖು ಗೊತ್ತಿರಲಿಲ್ಲ ಎಂದರೆ ನಗಬೇಡಿ. ಮೊದಲ ಬಸಿರಿನಲ್ಲಿ ನಾನು ಕ್ಯಾಲೆಂಡರಿನ ಮೇಲೆ ಒಂದೊಂದು ದಿನಕ್ಕೂ ಗೆರೆ ಎಳೆದಿದ್ದೆ. ಆ ಗೆರೆಗಳ ಗತಿ ಏನಾಯಿತೆಂದು ನೋಡಿದ ಮೇಲೆ ಈ ಸಲ ಒಂದು ಚುಕ್ಕೆಯನ್ನೂ ಇಟ್ಟಿರಲಿಲ್ಲ. ಎಣಿಸಿದರೆ ಕಣ್ಣು ತಾಗುತ್ತದೆ ಎಂಬ ಹೆದರಿಕೆ. ಲೆಕ್ಕವನ್ನೆಲ್ಲ ಅವ್ವನಿಗೆ ಬಿಟ್ಟಿದ್ದೆ. ಅವ್ವ ಬೆರಳು ಮಡಚಿದಳು.

"ಕಾರಹುಣ್ಣಿವಿ ದಿನಾ ಹೊರಗ ಕುಂತಿದ್ಲು ರೀ. ಆಷಾಢಾ, ಶ್ರಾವಣಾ, ಭಾದ್ರಪದಾ, ಆಶ್ವೀಜಾ, ಕಾರ್ತೀಕಾ, ಮಾರ್ಗಶಿರಾ. ಆರು ತುಂಬಿ ಏಳರಾಗ ಬಿದ್ದಾವ."

ಬಾಯಿ ಗೋಡೆಯತ್ತ ನೋಡಿದರು. ಅಲ್ಲಿ ಹೊಸ ವರ್ಷದ ಕ್ಯಾಲೆಂಡರು ತೂಗುತ್ತಿತ್ತು. ಹಳೆಯದನ್ನು ಆಯಾ ಆಗಲೇ ಕಪಾಟಿನ ಹಲಗೆಗೆ ಹಾಸಿ, ಮೇಲೆ ಔಷಧದ ಬಾಟಲಿ ಜೋಡಿಸಿದ್ದಳು. ಇಂಥ ಲೆಕ್ಕದಲ್ಲಿ ಹಿರಿಯ ಹೆಂಗಸರು ತಪ್ಪುವುದಿಲ್ಲ ಎಂದು ಬಾಯಿ ನಂಬಿದವರು. ನನ್ನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು.

"ಏಳರಾಗ ಅಂತೀರಿ. ಹೊಟ್ಟಿ ದೊಡ್ಡದೈತಲ್ರೀ?"

"ಅಳಿಯಾ ಎತ್ತರದಾಂವ ರೀ" ಎಂದಳು ಅವ್ವ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಬಾಯಿ ಬರೆದರು. ಮುದ್ರೆಯ ದಿಂಡಿನ ಮಸಿ ಒಣಗಿತ್ತು. ಎರಡು ಹನಿ ನೀರು ಹಾಕಿ ಒತ್ತಿದಾಗ ಅವರ ಹೆಸರು ಅರ್ಧ ಮೂಡಿತು, ಅರ್ಧ ಹರಡಿತು. ಚೀಟಿ ಕೊಡುತ್ತಾ, "ಬರದಾಕಿ ನಾನು, ಹೊತಗೊಂಡು ಹೋಗಾಕಿ ನೀನು. ನಿನಗ ಒಂದೀಟು ಅನುಮಾನ ಬಂದ್ರೂ ಹತ್ತಬ್ಯಾಡವಾ" ಎಂದರು. ನಾನು ತಲೆಯಾಡಿಸಿದೆ. ಆಗ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಮತ್ತೆ ಖಾನಾಪುರ

ಹೊರಡುವ ಹಿಂದಿನ ದಿನ ಹಾಜರಾಬಿ ಖಾಲಾ ಬಂದಳು. ನಮ್ಮ ಓಣಿಯ ಸೂಲಗಿತ್ತಿ. ನನ್ನನ್ನು ಭೂಮಿಗೆ ಇಳಿಸಿದವಳೂ ಅವಳೇ, ನನ್ನ ಮೊದಲ ಮಗಳನ್ನು ಎತ್ತಿಕೊಂಡವಳೂ ಅವಳೇ. ದೂರದ ಪ್ರಯಾಣ, ಸೊಂಟಕ್ಕೆ ಎಣ್ಣೆ ತಿಕ್ಕುತ್ತೇನೆಂದು ನನ್ನನ್ನು ಚಾಪೆಯ ಮೇಲೆ ಮಲಗಿಸಿದಳು. ಹೊಟ್ಟೆಯ ಬಾಜು ಬಂದಾಗ ಅವಳ ಕೈ ನಿಂತಿತು.

"ಎಂಟರಾಗ ಬಿದ್ದಾಳ."

"ಏಳರಾಗ" ಎಂದಳು ಅವ್ವ ಒಲೆಯ ಮುಂದಿನಿಂದ.

"ಎಂಟರಾಗ. ನೋಡಬೇ, ಅಳಿಯಾ ಹೋಗಿದ್ದು ರಮಜಾನ್ ಈದಿನ ಹಿಂದಿನ ದಿನಾ. ನಾ ಸುರಕುಂಬಾ ಪಾಯಸಾ ಕೊಡಾಕ ಬಂದ್ರ ಆಂವ ಇರಲೇ ಇಲ್ಲ. ಇಕಿ ಹೊರಗ ಕುಂತಿದ್ದು ಅದಕ್ಕಿಂತಾ ಹದಿನೈದು ದಿನಾ ಮೊದಲ. ಈದ್, ಖಾಲಿ, ಬಕ್ರೀದ್, ಮೊಹರಂ, ತೇರಾತೇಜಿ, ಬಾರಾವಫಾತ್, ಈಗ ದಸ್ತಗೀರ್. ಏಳು ಚಾಂದ್ ಆದುವಿಲ್ಲೋ?"

ಅವ್ವ ಮತ್ತೆ ಆಷಾಢದಿಂದ ಹಿಡಿದು ಮಾರ್ಗಶಿರದವರೆಗೆ ಎಣಿಸಿದಳು. ಆರು. ಹಾಜರಾಬಿ ತನ್ನ ಮುಸಲ್ಮಾನಿ ತಿಂಗಳುಗಳನ್ನು ಮತ್ತೆ ಎಣಿಸಿದಳು. ಏಳು. ಇಬ್ಬರ ಬೆರಳುಗಳೂ ಎದುರಾಬದುರಾಗಿ ಗಾಳಿಯಲ್ಲಿ ನಿಂತವು. ಆಕಾಶದಲ್ಲಿರುವ ಚಂದ್ರ ಒಬ್ಬನೇ, ಒಂದು ಓಣಿಯ ಈಚೆಗೆ ಆರು ಸಲ ತುಂಬಿ, ಆಚೆಗೆ ಏಳು ಸಲ ತುಂಬಿದ್ದು ಹೇಗೆ?

ನನಗೆ ಥಟ್ಟನೆ ಹೊಳೆದದ್ದು ಆಗಲೇ. ಆ ವರ್ಷ ಅಧಿಕ ಮಾಸ ಬಿದ್ದಿತ್ತು. ಎರಡು ಶ್ರಾವಣ. ಅವ್ವ ಆ ಹೆಚ್ಚಿನ ತಿಂಗಳನ್ನು ಮರೆತವಳೇನಲ್ಲ. ಇಡೀ ತಿಂಗಳು ದೀಪ ಇಟ್ಟಿದ್ದಳು, ಅಧಿಕದಲ್ಲಿ ಅಳಿಯನಿಗೆ ಕೊಡಬೇಕಾದ ಮೂವತ್ತಮೂರು ಅನಾರಸ ಕಜ್ಜಾಯವನ್ನು, ಅಳಿಯ ಊರಲ್ಲಿಲ್ಲವೆಂದು ಬೀಗರ ಮನೆಗೆ ಮುಟ್ಟಿಸಿ ಬಂದಿದ್ದಳು. ಆದರೆ ಬಸಿರಿನ ಲೆಕ್ಕಕ್ಕೆ ಅದನ್ನು ಹಿಡಿದಿರಲಿಲ್ಲ.

"ಅಧಿಕಾ ಹ್ಯಾಂಗ ಹಿಡೀಲಿ? ಅದರಾಗ ಮದಿವಿ ಇಲ್ಲ, ಕುಬಸಾ ಇಲ್ಲ, ಒಂದು ಒಳ್ಳೆ ಕೆಲಸಾ ಇಲ್ಲ. ನಮ್ಮವ್ವನೂ ಹಿಡೀತಿದ್ದಿಲ್ಲ."

"ಕೂಸಿಗಿ ಗೊತ್ತಿತ್ತೇನ ಅದು ಅಧಿಕಾ ಅಂತ? ಆ ತಿಂಗಳಾ ಬೆಳಿಯೂದು ಬಿಟ್ಟು ಕುಂತಿತ್ತೇನ?" ಎಂದಳು ಹಾಜರಾಬಿ.

ನಾನು ಟ್ರಂಕು ತೆರೆದು ನಮ್ಮನೆಯವರ ಕಾಗದಗಳ ಕಟ್ಟು ತೆಗೆದೆ. ಮಸ್ಕತ್ತು ಮುಟ್ಟಿದ ದಿನ ಬರೆದ ಕಾಗದದ ಮೇಲೆ ಜೂನ್ ತಿಂಗಳ ತಾರೀಖಿತ್ತು. ಇಂಗ್ಲಿಷ್ ತಿಂಗಳುಗಳನ್ನು ಎಣಿಸಿದೆ. ಹಾಜರಾಬಿಯ ಲೆಕ್ಕವೇ ಸರಿ. ಏಳು ತುಂಬಿತ್ತು. ಕೈಯಲ್ಲಿದ್ದ ಚೀಟಿ ಸುಳ್ಳಾಗಿತ್ತು.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಈಗೇನ ಮಾಡೂಣಬೇ?"

"ಏನೂ ಮಾಡೂದಿಲ್ಲ. ಚೀಟಿ ಐತಲಾ" ಎಂದೆ.

ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷಕಿ ನಾನು. ಆದರೂ ಅಂದೆ. ಮತ್ತೆ ಅವರಿಲ್ಲದ ಮನೆಯಲ್ಲಿ, ಅದೇ ಕೋಣೆಯಲ್ಲಿ ಹೆರಲು ನಾನು ತಯಾರಿರಲಿಲ್ಲ. ಹಾಜರಾಬಿ ನನ್ನ ಮುಖ ನೋಡಿದಳು. ಎಣ್ಣೆಯ ಕೈಯಿಂದಲೇ ನನ್ನ ಕೆನ್ನೆ ಸವರಿ ಎದ್ದು ಹೋದಳು.

ಮುಂಬಯಿ

ರೈಲಿನಲ್ಲಿ ಅವ್ವ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಡಬ್ಬಿ ಕುಲುಕಿದಾಗಲೆಲ್ಲ ನನ್ನ ಹೊಟ್ಟೆಯ ಮೇಲೆ ಕೈ ಇಡುತ್ತಿದ್ದಳು. ಎದುರಿಗೆ ಕೂತ ಸಾತಾರೆಯ ಹೆಂಗಸು ಎಷ್ಟು ತಿಂಗಳೆಂದು ಮರಾಠಿಯಲ್ಲಿ ಕೇಳಿದಾಗ ಅವ್ವ "ಎಂಟು" ಎಂದಳು, ಅದೇ ಉಸಿರಿನಲ್ಲಿ ನಾನು "ಏಳು" ಎಂದೆ. ಆ ಹೆಂಗಸು ಇಬ್ಬರನ್ನೂ ನೋಡಿ, ನಕ್ಕು, ನಮಗೊಂದು ಕಿತ್ತಳೆ ಹಣ್ಣು ಕೊಟ್ಟಳು. ನಮಗಿಬ್ಬರಿಗೂ ನಗು ಬರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಾಚೆ ಅವ್ವನಿಗೆ ಪ್ರವೇಶವಿರಲಿಲ್ಲ. ಗಾಜಿಗೆ ಮೂಗು ಹಚ್ಚಿ ನಿಂತಳು. ನಾನು ಸಾಲಿನಲ್ಲಿ ನಿಂತು ಚೀಟಿ ತೋರಿಸಿದೆ. ಕೌಂಟರಿನ ಹುಡುಗಿ ನನ್ನ ಹೊಟ್ಟೆ ನೋಡಿ, ನಿಲ್ದಾಣದ ಡಾಕ್ಟರರ ಠಸ್ಸೆ ಹಾಕಿಸಿಕೊಂಡು ಬಾ ಎಂದು ಒಂದು ಸಣ್ಣ ಕೋಣೆಗೆ ಕಳಿಸಿದಳು.

ಡಾಕ್ಟರರು ಮರಾಠಿಯವರು, ನರೆತ ಮೀಸೆ. ಮೇಜಿನ ಮೇಲೆ ಡಬ್ಬಿ ತೆರೆದಿಟ್ಟು ಚಪಾತಿ ತಿನ್ನುತ್ತಿದ್ದರು. ಎಡಗೈಯಲ್ಲಿ ಚೀಟಿ ಹಿಡಿದು ಓದಿ, "ಸರಿ ಇದೆ" ಎಂದು ಎಡಗೈಯಿಂದಲೇ ಠಸ್ಸೆ ಎತ್ತಿಕೊಂಡರು. ನಾನು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆ ಕ್ಷಣದಲ್ಲಿ ಮಗು ಹೊರಳಿತು, ಡಾಕ್ಟರ್ ಬಾಯಿಯ ಮಾತು ನೆನಪಾಯಿತು ಎಂದೆಲ್ಲ ಬರೆದರೆ ಚೆಂದ. ಖರೇ ಏನೆಂದರೆ ನನಗೆ ಬರೀ ಹೆದರಿಕೆಯಾಯಿತು. ಒಂದು ಮಗುವನ್ನು ರಸ್ತೆ ಇಲ್ಲದೆ ಕಳೆದುಕೊಂಡಿದ್ದೆ. ಆಕಾಶದಲ್ಲಿ ರಸ್ತೆಯೇ ಇಲ್ಲ.

"ಅದರಲ್ಲಿ ಒಂದು ತಿಂಗಳು ತಪ್ಪಿದೆ ಸರ್" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ.

ಅವರು ಠಸ್ಸೆ ಕೆಳಗಿಟ್ಟರು. ಕೈ ತೊಳೆದು ಬಂದರು. ಇಂಥ ಚೀಟಿ ಬರೆದವರು ಯಾರು ಎಂದು ಗದರಿದರು. ಬರೆದವರದು ತಪ್ಪಲ್ಲ ಎಂದು ಅಧಿಕ ಮಾಸದ ಕಥೆ ಹೇಳಿದೆ. ಗದರುತ್ತಿದ್ದವರು ನಡುವೆಯೇ ನಿಂತು, ಆ ತಿಂಗಳು ತಮ್ಮ ಮನೆಯಲ್ಲೂ ಅಳಿಯನಿಗೆ ಅನಾರಸ ಕರಿದರೆಂದು ಹೇಳಿ ಮೀಸೆಯಲ್ಲೇ ನಕ್ಕರು. ನನ್ನ ಚೀಲದಲ್ಲಿದ್ದ ನಮ್ಮನೆಯವರ ಕಾಗದದ ತಾರೀಖು ನೋಡಿ ತಾವೇ ಎಣಿಸಿದರು. ಹೊಟ್ಟೆಗೆ ಕಟ್ಟಿಗೆಯ ಕೊಳವೆ ಹಚ್ಚಿ ಬಹಳ ಹೊತ್ತು ಕಿವಿಗೊಟ್ಟರು. ಆಮೇಲೆ ಊರಲ್ಲಿ ಯಾರೂ ನನಗೆ ಹೇಳದಿದ್ದ ಇನ್ನೊಂದು ನಿಯಮ ಹೇಳಿದರು. ಏಳು ತುಂಬಿ ಎಂಟು ತುಂಬದವರನ್ನು ನಿಲ್ದಾಣದ ಡಾಕ್ಟರು ನೋಡಿ ಒಪ್ಪಿದರೆ ಬಿಡಬಹುದು. ಮಗು ಚೆನ್ನಾಗಿದೆ, ಅವರು ಒಪ್ಪುತ್ತಾರೆ. ಆದರೆ ದಾರಿಯಲ್ಲಿ ತಾಯಿಗಾಗಲಿ ಮಗುವಿಗಾಗಲಿ ಏನಾದರೂ ಆದರೆ ಹೊಣೆ ತಮ್ಮದೇ ಎಂದು ಹತ್ತಿರದ ಬಂಧುವೊಬ್ಬರು ಬರೆದುಕೊಡಬೇಕು. ಗಂಡ ಎಲ್ಲಿ?

ಗಂಡನ ಹತ್ತಿರ ಹೋಗಲಿಕ್ಕೇ ಈ ಹೋರಾಟ ಎಂದೆ.

ಅವ್ವನನ್ನು ಒಬ್ಬ ಪೊಲೀಸ್ ಪೇದೆ ಒಳಗೆ ಕರೆತಂದ. ಡಾಕ್ಟರರು ಹೊಣೆಯ ಕಾಗದವನ್ನು ಮರಾಠಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಓದಿದರು. ಅವ್ವನಿಗೆ ಸಹಿ ಬಾರದು. ಮಸಿಯ ದಿಂಡು ಮುಂದೆ ಇಟ್ಟಾಗ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೇಡವೆನ್ನುತ್ತಾಳೆ ಅಂದುಕೊಂಡೆ. ಬೇಡವೆಂದಿದ್ದರೆ ನಾನು ತಿರುಗಿ ಬರುತ್ತಿದ್ದೆ, ಅವಳ ಮೇಲೆ ಸಿಟ್ಟು ಮಾಡುವ ಬಲವೂ ನನಗಿರಲಿಲ್ಲ.

"ಹ್ವಾದ ಸಲಾ ನಾನಽ ಹಟಾ ಮಾಡಿ ನಿನ್ನ ಮನ್ಯಾಗ ಇಟಗೊಂಡೆ" ಎಂದಳು. "ಆವಾಗ ಯಾರೂ ನನ್ನ ಹೆಬ್ಬಟ್ಟ ಕೇಳಲಿಲ್ಲ."

ಮಸಿಯಲ್ಲಿ ಹೆಬ್ಬೆರಳು ಅದ್ದಿ, ಇನ್ನೊಂದು ಕೈಯಿಂದ ಅದನ್ನು ಹಿಡಿದು ಕಾಗದಕ್ಕೆ ಒತ್ತಿದಳು. ಎರಡೂವರೆ ವರ್ಷದಲ್ಲಿ ಅವಳು ಆ ವಿಷಯವಾಗಿ ಆಡಿದ ಮೊದಲ ಮಾತು ಅದು. ಡಾಕ್ಟರರಿಗೆ ಕನ್ನಡ ತಿಳಿಯದು. ಆದರೂ ಅವರು ಅವ್ವನಿಗೆ ಕೂರಲು ತಮ್ಮ ಕುರ್ಚಿ ಕೊಟ್ಟು ತಾವು ನಿಂತುಕೊಂಡರು. ನಾನು ಅವ್ವನ ಹೆಬ್ಬೆರಳನ್ನು ನನ್ನ ಸೆರಗಿನಿಂದ ಒರೆಸಿದೆ. ಇಬ್ಬರೂ ಅತ್ತೆವು.

ಆಕಾಶ

ವಿಮಾನದ ತುಂಬ ಕೆಲಸಕ್ಕೆ ಹೊರಟ ಗಂಡಸರು. ನನ್ನ ಸೊಂಟಕ್ಕೆ ಪಟ್ಟಿ ಸಾಲದೆ ಅದಕ್ಕೊಂದು ತುಂಡು ಜೋಡಿಸಿದರು. ಸ್ವಲ್ಪ ಹೊತ್ತಿಗೆ ಇಳಿಯುವಾಗ ಕೊಡಬೇಕಾದ ಚೀಟಿಗಳನ್ನು ಹಂಚಿದರು. ನಾನು ನನ್ನದನ್ನು ಬರೆಯುವುದನ್ನು ಪಕ್ಕದವನು ನೋಡಿದ. ತನ್ನದನ್ನೂ ಮೆಲ್ಲಗೆ ನನ್ನತ್ತ ಸರಿಸಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ನೋಡನೋಡುತ್ತ ನನ್ನ ಕುರ್ಚಿಯ ಪಕ್ಕ ನಮ್ಮ ಶಾಲೆಯ ಶ್ರುತಲೇಖನದ ಸಾಲಿನಂತೆ ಸಾಲು ನಿಂತಿತು. ತಂದೆಯ ಹೆಸರು ಕೇಳಿದರೆ ಕೆಲವರು ಊರಿನ ಹೆಸರನ್ನೂ ಸೇರಿಸಿ ಹೇಳುವರು. ಹುಟ್ಟಿದ ತಾರೀಖು ಕೇಳಿದರೆ ಒಬ್ಬ ದೊಡ್ಡ ನೆರೆ ಬಂದ ವರ್ಷ ಎಂದ. ನಮ್ಮವ್ವನಂಥವರು ದೇಶದ ತುಂಬ ಇದ್ದಾರೆ ಎಂದು ನನಗೆ ಸಮಾಧಾನವಾಯಿತು.

ಒಂಬತ್ತೋ ಹತ್ತೋ ಚೀಟಿ ಬರೆದಿರಬೇಕು, ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಪೆನ್ನು ಬಿಟ್ಟೆ. ಸಾಲಿನ ಮುಂದಿದ್ದ ಹಿರಿಯ ಗೌಂಡಿಯೊಬ್ಬ ನನ್ನ ಮುಖ ನೋಡಿದವನೇ ತಿರುಗಿ, ತಂಗಿಗೆ ದಣಿವಾಗಿದೆ, ನಡೆಯಿರಿ ಎಂದು ಹಿಂದಿಯಲ್ಲಿ ಎಲ್ಲರನ್ನೂ ಕಳಿಸಿದ. ತಾನು ಮಾತ್ರ ಹಾದಿಗೆ ಬೆನ್ನು ಅಡ್ಡಕೊಟ್ಟು, ನನ್ನನ್ನು ಯಾರೂ ನೋಡದಂತೆ ನಿಂತ. ನಾನು ಕಣ್ಣು ಮುಚ್ಚಿದೆ. ನನ್ನ ಸಲುವಾಗಿ ಏನೂ ಬೇಡಿಕೊಳ್ಳಲಿಲ್ಲ. ಅವ್ವನ ಹೆಬ್ಬೆಟ್ಟಿನ ಮೇಲೆ ಏನೂ ಬರದಿರಲಿ ಎಂದಷ್ಟೇ ಬಸವಣ್ಣನನ್ನು ಕೇಳಿಕೊಂಡೆ. ಎಷ್ಟು ಹೊತ್ತೋ ತಿಳಿಯದು, ಬಿಗಿತ ಸಡಿಲವಾಯಿತು. ಮತ್ತೆ ಬರಲಿಲ್ಲ. ಉಳಿದವರು ಚೀಟಿ ತರಲು ಸಂಕೋಚಪಟ್ಟರು. ನಾನೇ ಕರೆದು ಬರೆದುಕೊಟ್ಟೆ.

ಮಸ್ಕತ್

ನಮ್ಮ ಜಾಂಬೋಟಿಯ ಕಡೆ ಗುಡ್ಡವೆಂದರೆ ಕಾಡು ಎಂದೇ ಅರ್ಥ. ಮಸ್ಕತ್ತಿನ ಗುಡ್ಡಗಳ ಮೇಲೆ ಒಂದು ಗರಿಕೆಯೂ ಇರಲಿಲ್ಲ. ಹೊರಗೆ ಕಾಯುತ್ತಿದ್ದ ನಮ್ಮನೆಯವರು ಬಡವಾಗಿದ್ದರು. ಟ್ರಂಕನ್ನು ಕೈಗೆತ್ತಿಕೊಂಡು, ನನ್ನ ಹೊಟ್ಟೆ ನೋಡಿ, "ಇಷ್ಟ ದೊಡ್ಡದಾಗೇತಿ ಅಂತ ಬರದಿದ್ದಿಲ್ಲ?" ಎಂದರು. ಬರೆದಿದ್ದರೆ ನೀವು ಬರಬೇಡವೆನ್ನುತ್ತಿದ್ದಿರಿ ಎಂದೆ.

ಅಲ್ಲಿ ಕಾದದ್ದು ಎರಡು ತಿಂಗಳು. ಪಕ್ಕದ ಮನೆಯ ಒಮಾನಿ ಹೆಂಗಸು ಮೊದಲ ದಿನವೇ ಖರ್ಜೂರ, ಕಾಫಿ ತಂದಳು. ಸಣ್ಣ ಬಟ್ಟಲು, ಹಾಲಿಲ್ಲದ ಕಹಿ ಕಾಫಿ. ಕುಡಿದು ಕೆಳಗಿಟ್ಟರೆ ಮತ್ತೆ ಸುರಿದಳು. ಅವರಲ್ಲಿ ಸಾಕೆನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿ­ಸಬೇಕಂತೆ. ನನಗೇನು ಗೊತ್ತು? ಕೊಟ್ಟದ್ದನ್ನು ಬಿಡಬಾರದೆಂದು ಎಂಟು ಬಟ್ಟಲು ಕುಡಿದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದು ಬಟ್ಟಲು ಅಲ್ಲಾಡಿಸುವುದನ್ನು ಕಲಿಸಿದಳು. ಆಮೇಲೆ ನನ್ನ ಹೊಟ್ಟೆ ತೋರಿಸಿ, ಎಷ್ಟು ಎಂದು ಬೆರಳಲ್ಲಿ ಕೇಳಿದಳು. ನಾನು ಎಂಟು ಬೆರಳು ತೋರಿಸಿದೆ. ಮೊದಲ ಬಾರಿಗೆ ಹೆದರಿಕೆಯಿಲ್ಲದೆ ತೋರಿಸಿದೆ.

ಹೆರಿಗೆ ಸರಕಾರಿ ಆಸ್ಪತ್ರೆಯಲ್ಲಾಯಿತು. ಗಂಡು. ಹುಟ್ಟಿದೊಡನೆ ಅತ್ತ ಅಳು ಎಷ್ಟು ಜೋರಾಗಿತ್ತೆಂದರೆ ನನಗೆ ನಗು ಬಂತು, ಅಳುವೂ ಬಂತು. ಮರುದಿನ ಮಧ್ಯಾಹ್ನ, ಭೇಟಿಯ ಹೊತ್ತಿನಲ್ಲಿ ನಮ್ಮನೆಯವರು ಕೆಲಸದ ಬಟ್ಟೆಯಲ್ಲೇ ಬಂದರು. ಮಗುವನ್ನು ಅವರ ಕೈಗೆ ಕೊಟ್ಟೆ. ಮಗುವಿನ ತಲೆಯ ಮೇಲಿನ ಕಪ್ಪು ಕೂದಲನ್ನು ಒಂದೇ ಬೆರಳಿನಿಂದ ಸವರಿದರು. ಆಮೇಲೆ, ನನ್ನ ಮುಖ ನೋಡದೆ ಕೇಳಿದರು.

"ಅಕೀಗೂ ಇಷ್ಟ ಕೂದಲಾ ಇದ್ದುವೇನ?"

ಯಾರ ಮಾತೆಂದು ಕೇಳಬೇಕಾಗಿರಲಿಲ್ಲ.

"ಇದ್ದುವು. ಇದಕ್ಕಿಂತಾ ಜಾಸ್ತಿ ಇದ್ದುವು."

"ಬಣ್ಣಾ?"

"ನಿಮ್ಮದು."

ಅವರು ಮಗುವನ್ನು ಎದೆಗೊತ್ತಿಕೊಂಡು ಮಂಚದ ತುದಿಗೆ ಕೂತರು. "ಎಲ್ಲಾ ಹೇಳು" ಎಂದರು. ನಾನು ಆ ನಸುಕಿನ ಮಳೆಯಿಂದ ಹಿಡಿದು ಹೇಳತೊಡಗಿದೆ. ಅವಳು ಕಣ್ಣು ಬಿಟ್ಟದ್ದು, ಹಾಜರಾಬಿಯ ಬೆರಳನ್ನು ಹಿಡಿದುಕೊಂಡದ್ದು, ಒಮ್ಮೆ ಸೀನಿದ್ದು. ಭೇಟಿಯ ಹೊತ್ತು ಮುಗಿಯಿತೆಂದು ಹೇಳಲು ಬಂದ ನರ್ಸು ನಮ್ಮಿಬ್ಬರನ್ನೂ ನೋಡಿ, ಪರದೆ ಎಳೆದು ಹೋದಳು. ಒಂದು ಹಗಲು ಬದುಕಿದ ಮಗು. ಹೇಳಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು.